ಇಂಜಿನಿಯರ್ ಆಗಬೇಕಿದ್ದ ಮಾಂಟೆಸ್ಸರಿ ಮೇಡಂ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಮಾಂಟೆಸ್ಸರಿ ಸ್ಕೂಲ್ ಇದ್ದೇ ಇರುತ್ತೆ. ಕಾಂಪೌಂಡ್ ಗೋಡೆ ಮೇಲೆ ಕಾರ್ಟೂನ್ ಚಿತ್ರ, ಒಳಗೆ ಒಂದು ಜಾರುಬಂಡೆ, ಮಧ್ಯಾಹ್ನ ಗೇಟ್ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯೋ ಅಪ್ಪ ಅಮ್ಮಂದಿರು. ಎಲ್‌ಕೆಜಿಗೆ ಇಟ್ಟಿರೋ ಇನ್ನೊಂದು ಸ್ಟೈಲಿಶ್ ಹೆಸರು ಮಾಂಟೆಸ್ಸರಿ ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿರ್ತೀವಿ. ಆದರೆ ಅದು ಒಬ್ಬರ ಮನೆತನದ ಹೆಸರು. ಮಾರಿಯಾ ಮಾಂಟೆಸ್ಸರಿ ಅಂತ, ಇಟಲಿಯ ಒಬ್ಬ ಡಾಕ್ಟರ್.

ಇಂಜಿನಿಯರಿಂಗ್ ಕಾಲೇಜಿನ ಮ್ಯಾಗಜೀನ್‌ನಲ್ಲಿ ಅವರ ಬಗ್ಗೆ ಬರೆಯೋಕೆ ಎರಡು ಕಾರಣ ಇದೆ. ಮೊದಲನೆಯದು, ಅವರು ಚಿಕ್ಕವಯಸ್ಸಿನಲ್ಲಿ ಇಂಜಿನಿಯರ್ ಆಗಬೇಕು ಅಂತಲೇ ಹೊರಟವರು. ಎರಡನೆಯದು, ನಾವು ಒಂದು ಪ್ರಾಜೆಕ್ಟ್ ಮಾಡೋ ಹಾಗೆಯೇ ಅವರು ಪಾಠವನ್ನ ಮಾಡಿದರು. ಮೊದಲು ಇದನ್ನ ಬಳಸೋರು ಯಾರು ಅಂತ ನೋಡೋದು, ಅವರಿಗೆ ಏನು ಬೇಕು ಅಂತ ತಿಳಿಯೋದು, ಆಮೇಲೆ ತಯಾರು ಮಾಡೋದು, ಟೆಸ್ಟ್ ಮಾಡೋದು, ಕೆಲಸ ಮಾಡದಿದ್ದರೆ ಬದಲಾಯಿಸೋದು. ಕೇಳೋಕೆ ಸಿಂಪಲ್ ಆಗಿದೆ. ಆದರೆ ಸ್ಕೂಲ್ ಕಾಲೇಜುಗಳಲ್ಲಿ ಇದು ಎಷ್ಟು ಸಲ ನಡೆಯುತ್ತೆ ಅಂತ ನಾವೇ ಯೋಚಿಸಬಹುದು.

ಟೆಕ್ನಿಕಲ್ ಸ್ಕೂಲಿನ ಹುಡುಗಿ

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರಾವಾಲೆ ಅನ್ನೋ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರ್ಕಾರಿ ನೌಕರ. ತಾಯಿ ರೆನಿಲ್ಡೆ ಆ ಕಾಲಕ್ಕೆ ಚೆನ್ನಾಗಿ ಓದಿಕೊಂಡಿದ್ದ ಹೆಂಗಸು. ತಂದೆಗೆ ವರ್ಗ ಆಗಿ ಆಗಿ ಕೊನೆಗೆ ಮನೆಯವರೆಲ್ಲ ರೋಮ್‌ಗೆ ಬಂದು ನೆಲೆಸಿದರು.

13ನೇ ವಯಸ್ಸಿನಲ್ಲಿ ಮಾರಿಯಾ ಸೇರಿದ್ದು ಟೆಕ್ನಿಕಲ್ ಸ್ಕೂಲಿಗೆ. ಹೆಣ್ಣುಮಕ್ಕಳು ಅಲ್ಲಿಗೆ ಸೇರೋದೇ ಅಪರೂಪ ಆಗಿದ್ದ ಕಾಲ ಅದು. ಗಣಿತ ಅಂದರೆ ಅವರಿಗೆ ಪ್ರಾಣ. ಅಲ್ಲಿ ಮುಗಿಸಿ ಲಿಯೊನಾರ್ಡೊ ಡಾ ವಿಂಚಿ ಹೆಸರಿನ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. 1890ರಲ್ಲಿ ಅದನ್ನೂ ಮುಗಿಸಿದರು. ಹುಡುಗಿಯರು ಓದಿದರೆ ಟೀಚರ್ ಆಗಬೇಕು ಅನ್ನೋದು ಆಗಿನ ಲೆಕ್ಕ. ಮನೆಯಲ್ಲೂ ಆ ಮಾತು ಬಂತು. ಮಾರಿಯಾ ಅದೊಂದು ಬಿಟ್ಟು ಬೇರೆ ಏನಾದರೂ ಸರಿ ಅಂತ ಹಟ ಹಿಡಿದರು. ಮುಂದೆ ಪ್ರಪಂಚಕ್ಕೆಲ್ಲ ಟೀಚರ್‌ಗಳನ್ನ ತಯಾರು ಮಾಡಿದವರ ಕಥೆ ಶುರುವಾಗೋದು ಹೀಗೆ.

ಅಷ್ಟರಲ್ಲಿ ಅವರ ಮನಸ್ಸು ಇಂಜಿನಿಯರಿಂಗ್ ಬಿಟ್ಟು ಮೆಡಿಕಲ್ ಕಡೆ ತಿರುಗಿತ್ತು. ಅದು ಇನ್ನೂ ಕಷ್ಟದ ದಾರಿ. ತಂದೆಗೆ ಇಷ್ಟ ಇರಲಿಲ್ಲ, ತಾಯಿ ಮಾತ್ರ ಬೆನ್ನಿಗೆ ನಿಂತರು. ಮೊದಲು ರೋಮ್ ಯೂನಿವರ್ಸಿಟಿಯಲ್ಲಿ ವಿಜ್ಞಾನ ಓದಿ, ಆಮೇಲೆ ಮೆಡಿಕಲ್ ಸೇರಿಕೊಂಡರು. ಗಂಡುಹುಡುಗರ ಮಧ್ಯೆ ಒಬ್ಬ ಹುಡುಗಿ ನಿಂತು ಹೆಣ ಕೊಯ್ಯೋದು ಮರ್ಯಾದೆ ಅಲ್ಲ ಅಂತ, ಡಿಸೆಕ್ಷನ್ ಕೆಲಸವನ್ನ ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಮಾಡಬೇಕಿತ್ತು. 1896ರಲ್ಲಿ ಡಿಗ್ರಿ ಬಂತು. ಇಟಲಿಯ ಮೊದಮೊದಲ ಮಹಿಳಾ ಡಾಕ್ಟರ್‌ಗಳಲ್ಲಿ ಅವರೂ ಒಬ್ಬರಾದರು. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಮಹಿಳಾ ಸಮ್ಮೇಳನಕ್ಕೆ ಇಟಲಿಯ ಪ್ರತಿನಿಧಿಯಾಗಿ ಹೋಗಿ, ಹೆಣ್ಣಿಗೂ ಗಂಡಿಗೂ ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡಿ ಅಂತ ಮಾತಾಡಿ ಬಂದರು.

ಬ್ರೆಡ್ಡಿನ ಚೂರು

ಡಾಕ್ಟರ್ ಆದಮೇಲೆ ಅವರು ಯೂನಿವರ್ಸಿಟಿಯ ಮಾನಸಿಕ ಚಿಕಿತ್ಸಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ರೋಮ್‌ನ ಹುಚ್ಚಾಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನ ನೋಡೋದು ಆ ಕೆಲಸದ ಭಾಗ. ಬುದ್ಧಿ ಬೆಳವಣಿಗೆ ಕಡಿಮೆ ಇದ್ದ ಮಕ್ಕಳನ್ನೂ ಆಗ ದೊಡ್ಡವರ ಜೊತೆ ಅಲ್ಲೇ ಕೂಡಿಹಾಕುತ್ತಿದ್ದರು.

ಒಂದು ಕಡೆ ಮಕ್ಕಳನ್ನ ನೋಡಿಕೊಳ್ಳೋ ಹೆಂಗಸು ದೂರು ಹೇಳಿದಳು. ಈ ಮಕ್ಕಳಿಗೆ ಊಟ ಆದಮೇಲೂ ಆಸೆ ತೀರಲ್ಲ, ನೆಲದ ಮೇಲೆ ಬಿದ್ದ ಬ್ರೆಡ್ ಚೂರಿಗೆ ಮುಗಿಬೀಳ್ತವೆ ಅಂತ. ಮಾರಿಯಾ ಸುತ್ತ ನೋಡಿದರು. ಆ ರೂಮಿನಲ್ಲಿ ಬರೀ ಗೋಡೆ. ಒಂದು ಆಟದ ಸಾಮಾನು ಇಲ್ಲ, ಕೈಯಲ್ಲಿ ಹಿಡಿಯೋಕೆ ಏನೂ ಇಲ್ಲ. ಆ ಮಕ್ಕಳಿಗೆ ಬೇಕಾಗಿದ್ದದ್ದು ತಿನ್ನೋಕೆ ಅಲ್ಲ, ಮುಟ್ಟೋಕೆ, ಉರುಳಿಸೋಕೆ, ಕೈಗೆ ಒಂದು ಕೆಲಸ ಅಂತ ಅವರಿಗೆ ಅನ್ನಿಸಿತು. ಒಂದೇ ದೃಶ್ಯ, ಇಬ್ಬರು ನೋಡಿದ್ದು ಬೇರೆ ಬೇರೆ. ನೋಡಿಕೊಳ್ಳೋ ಹೆಂಗಸು ಮಕ್ಕಳ ದೋಷ ನೋಡಿದಳು, ಮಾರಿಯಾ ರೂಮಿನ ದೋಷ ನೋಡಿದರು. ಅವರ ಮುಂದಿನ ಕೆಲಸಕ್ಕೆಲ್ಲ ತಳಪಾಯ ಇದೇ ನೋಟ ಅಂತ ನನ್ನ ಅನಿಸಿಕೆ.

ನಂತರ ಅವರು ಹಳೇ ಪುಸ್ತಕಗಳನ್ನ ಹುಡುಕಿದರು. ಫ್ರಾನ್ಸ್‌ನಲ್ಲಿ ಇಟಾರ್ ಅನ್ನೋ ಡಾಕ್ಟರ್, ಕಾಡಿನಲ್ಲಿ ಸಿಕ್ಕಿದ ಒಬ್ಬ ಹುಡುಗನಿಗೆ ವರ್ಷಗಟ್ಟಲೆ ಕಲಿಸೋಕೆ ಪ್ರಯತ್ನಪಟ್ಟಿದ್ದರು. ಅವರ ಶಿಷ್ಯ ಸೆಗ್ಯಾಂ, ಬುದ್ಧಿ ಬೆಳವಣಿಗೆ ಕಡಿಮೆ ಇರೋ ಮಕ್ಕಳಿಗೆ ಕೈ, ಕಣ್ಣು, ಕಿವಿಯ ಮೂಲಕ ಕಲಿಸೋ ಸಾಮಾನುಗಳನ್ನ ಮಾಡಿದ್ದರು. ಮಾರಿಯಾ ಇವರಿಬ್ಬರ ಬರಹಗಳನ್ನ ಇಟಾಲಿಯನ್‌ಗೆ ಅನುವಾದ ಮಾಡಿ, ಮೊದಲಿಂದ ಕೊನೆವರೆಗೆ ತಮ್ಮ ಕೈಯಾರೆ ಬರೆದುಕೊಂಡರು. ಬರೆಯುತ್ತಾ ಹೋದರೆ ಒಂದೊಂದು ಮಾತಿನ ತೂಕ ಗೊತ್ತಾಗುತ್ತೆ ಅನ್ನೋದು ಅವರ ಲೆಕ್ಕ.

1900ರಲ್ಲಿ ಇಂಥ ಮಕ್ಕಳ ಟೀಚರ್‌ಗಳಿಗೆ ತರಬೇತಿ ಕೊಡೋ ಒಂದು ಸ್ಕೂಲ್ ರೋಮ್‌ನಲ್ಲಿ ಶುರುವಾಯಿತು. ಅದರ ಇಬ್ಬರು ನಿರ್ದೇಶಕರಲ್ಲಿ ಮಾರಿಯಾ ಒಬ್ಬರು. ಹಗಲೆಲ್ಲ ಮಕ್ಕಳ ಜೊತೆ, ರಾತ್ರಿ ಟಿಪ್ಪಣಿ ಬರೆಯೋದು, ಸಾಮಾನು ತಿದ್ದೋದು. ಯಾರ ಕೈಲೂ ಆಗಲ್ಲ ಅಂತ ಬಿಟ್ಟಿದ್ದ ಮಕ್ಕಳಲ್ಲಿ ಕೆಲವರು, ಸಾಮಾನ್ಯ ಮಕ್ಕಳಿಗೆ ಇಡೋ ಸರ್ಕಾರಿ ಪರೀಕ್ಷೆಯಲ್ಲಿ ಓದು ಬರಹ ಪಾಸ್ ಮಾಡಿದರು. ಎಲ್ಲರೂ ಪವಾಡ ಅಂತ ಹೊಗಳಿದರು. ಮಾರಿಯಾ ತಲೆಗೆ ಹತ್ತಿದ್ದು ಬೇರೆ ಪ್ರಶ್ನೆ: ಈ ಮಕ್ಕಳೇ ಇಷ್ಟು ಮಾಡಬಹುದು ಅಂದ್ರೆ, ಏನೂ ತೊಂದರೆ ಇಲ್ಲದ ಮಕ್ಕಳು ಯಾಕೆ ಇಷ್ಟರಲ್ಲೇ ನಿಂತಿದ್ದಾರೆ? ಅವರ ಸ್ಕೂಲುಗಳಲ್ಲಿ ಏನಾಗ್ತಿದೆ?

ಈ ಪ್ರಶ್ನೆ ಹಿಡಿದುಕೊಂಡು ಅವರು ಆ ಕೆಲಸ ಬಿಟ್ಟು ಮತ್ತೆ ಯೂನಿವರ್ಸಿಟಿಗೆ ಸ್ಟೂಡೆಂಟ್ ಆಗಿ ಹೋದರು. ಆಗ ಅವರಿಗೆ 31 ವರ್ಷ. ತತ್ವಶಾಸ್ತ್ರ, ಶಿಕ್ಷಣಶಾಸ್ತ್ರ, ಮಾನವಶಾಸ್ತ್ರ ಎಲ್ಲ ಓದಿದರು.

ಸಾನ್ ಲೊರೆಂಜೊದ ಒಂದು ರೂಮು

ರೋಮ್‌ನಲ್ಲಿ ಸಾನ್ ಲೊರೆಂಜೊ ಅಂತ ಒಂದು ಬಡವರ ಏರಿಯಾ. ಅಲ್ಲಿನ ಹಳೇ ಕಟ್ಟಡಗಳನ್ನ ರಿಪೇರಿ ಮಾಡಿ ಒಂದು ರಿಯಲ್ ಎಸ್ಟೇಟ್ ಸಂಸ್ಥೆ ಕೂಲಿ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಚಿಕ್ಕ ಮಕ್ಕಳನ್ನ ನೋಡೋರು ಇಲ್ಲ. ಅವು ಮೆಟ್ಟಿಲ ಮೇಲೆ ಓಡಾಡಿಕೊಂಡು ಹೊಸದಾಗಿ ಸುಣ್ಣ ಬಳಿದ ಗೋಡೆ ಗೀಚುತ್ತಿದ್ದವು. ಗೋಡೆ ರಿಪೇರಿಗೆ ಹೋಗೋ ದುಡ್ಡಿನಲ್ಲಿ ಮಕ್ಕಳನ್ನ ಒಂದು ರೂಮಿನಲ್ಲಿ ಕೂರಿಸೋದೇ ವಾಸಿ ಅಂತ ಆ ಸಂಸ್ಥೆಯ ಮುಖ್ಯಸ್ಥ ಟಾಲಾಮೊ ಅವರಿಗೆ ಹೊಳೆಯಿತು. ಅವರು ಮಾರಿಯಾನ ಕರೆದರು. 1907ರ ಜನವರಿ 6ರಂದು ಮಾರ್ಸಿ ಬೀದಿಯ ಒಂದು ಕಟ್ಟಡದಲ್ಲಿ ಕಾಸಾ ದೆಯಿ ಬಾಂಬಿನಿ, ಅಂದ್ರೆ ಮಕ್ಕಳ ಮನೆ, ಶುರುವಾಯಿತು. ಸುಮಾರು 50 ಮಕ್ಕಳು, ಎಲ್ಲ ಆರೇಳು ವರ್ಷದ ಒಳಗಿನವರು. ಟೀಚರ್ ಕೂಡ ವೃತ್ತಿ ತರಬೇತಿ ಆದವರಲ್ಲ. ಮಾರಿಯಾಗೆ ಅದೇ ಅನುಕೂಲ ಆಯಿತು, ಯಾಕಂದ್ರೆ ಹಳೇ ಅಭ್ಯಾಸ ಬಿಡಿಸೋ ಕೆಲಸ ಉಳಿಯಿತು.

ಅವರು ಟೀಚರ್‌ಗೆ ಕೊಟ್ಟ ಸೂಚನೆ ತುಂಬಾ ಕಡಿಮೆ. ಈ ಸಾಮಾನು ಇಡಿ, ಹೇಗೆ ಬಳಸೋದು ಅಂತ ಒಮ್ಮೆ ತೋರಿಸಿ, ಆಮೇಲೆ ಏನು ನಡೀತು ಅಂತ ನನಗೆ ಹೇಳಿ. ತಾವೂ ಬಂದು ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಹಾಗೆ ನೋಡಿದ್ದರಲ್ಲಿ ಕೆಲವು ವಿಷಯಗಳು ಅವರ ಲೆಕ್ಕವನ್ನೇ ತಲೆಕೆಳಗು ಮಾಡಿದವು.

ಸುಮಾರು ಮೂರು ವರ್ಷದ ಒಂದು ಹುಡುಗಿ ಮರದ ದಿಮ್ಮಿಯ ತೂತುಗಳಲ್ಲಿ ಸಿಲಿಂಡರ್ ಕೂರಿಸೋ ಕೆಲಸ ಮಾಡುತ್ತಿದ್ದಳು. ತೆಗೆಯೋದು, ಕಲಸೋದು, ಮತ್ತೆ ಕೂರಿಸೋದು. ಮಾರಿಯಾ ಎಣಿಸೋಕೆ ಶುರು ಮಾಡಿದರು. ಬೇರೆ ಮಕ್ಕಳಿಗೆ ಹಾಡು ಹೇಳಿಸಿದರು, ಹುಡುಗಿ ತಲೆ ಎತ್ತಲಿಲ್ಲ. ಅವಳು ಕೂತಿದ್ದ ಕುರ್ಚಿ ಸಮೇತ ಎತ್ತಿ ಟೇಬಲ್ ಮೇಲೆ ಇಟ್ಟರು, ಅವಳು ಸಿಲಿಂಡರ್‌ಗಳನ್ನ ಮಡಿಲಲ್ಲಿ ಇಟ್ಟುಕೊಂಡು ಅಲ್ಲೂ ಮುಂದುವರಿಸಿದಳು. 40ಕ್ಕೂ ಹೆಚ್ಚು ಸಲ ಮಾಡಿ, ಆಮೇಲೆ ತಾನೇ ನಿಲ್ಲಿಸಿ, ನಿದ್ದೆಯಿಂದ ಎದ್ದವಳ ಹಾಗೆ ಖುಷಿಯಾಗಿ ಸುತ್ತ ನೋಡಿದಳು. ಚಿಕ್ಕ ಮಕ್ಕಳಿಗೆ ಗಮನ ನಿಲ್ಲಲ್ಲ ಅನ್ನೋ ಮಾತು ಅಲ್ಲಿಗೆ ಸುಳ್ಳಾಯಿತು. ಅವರಿಗೆ ಸರಿಹೊಂದೋ ಕೆಲಸ ಸಿಕ್ಕಿರಲಿಲ್ಲ ಅಷ್ಟೇ.

ಇನ್ನೊಂದು ದಿನ ಟೀಚರ್ ಬರೋದು ತಡವಾಯಿತು, ಕಪಾಟಿಗೆ ಬೀಗ ಹಾಕೋದೂ ಮರೆತಿತ್ತು. ಬಂದು ನೋಡಿದರೆ ಮಕ್ಕಳೇ ಬೇಕಾದ ಸಾಮಾನು ತೆಗೆದುಕೊಂಡು ಕೂತು ಕೆಲಸ ಮಾಡುತ್ತಿವೆ. ಟೀಚರ್ ಇದನ್ನ ಕಳ್ಳತನ ಅಂದುಕೊಂಡರು. ಮಾರಿಯಾಗೆ ಅದು ಆಯ್ಕೆಯಾಗಿ ಕಂಡಿತು. ಎತ್ತರದ ಕಪಾಟು ಹೋಗಿ, ಮಕ್ಕಳ ಕೈಗೆ ಎಟುಕೋ ಶೆಲ್ಫ್ ಬಂತು. ಯಾವ ಸಾಮಾನನ್ನ ಯಾರೂ ಮುಟ್ಟಲಿಲ್ಲವೋ ಅದನ್ನ ತೆಗೆದುಹಾಕಿದರು. ಶ್ರೀಮಂತರು ಕೊಟ್ಟ ಚೆಂದದ ಗೊಂಬೆಗಳೂ ಹಾಗೇ ಪಕ್ಕಕ್ಕೆ ಹೋದವು.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಮೂಗಿನ ಪಾಠ. ಒಂದು ದಿನ ಅವರು ಸದ್ದಾಗದ ಹಾಗೆ ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳೋದು ಹೇಗೆ ಅಂತ ತಮಾಷೆಯಾಗಿ ತೋರಿಸಿದರು. ಮಕ್ಕಳು ನಗ್ತಾರೆ ಅಂದುಕೊಂಡಿದ್ದರು. ಯಾರೂ ನಗಲಿಲ್ಲ, ಉಸಿರು ಬಿಗಿಹಿಡಿದು ನೋಡಿದರು. ಮುಗಿದಾಗ ನಾಟಕಕ್ಕೆ ಹೊಡೆಯೋ ಹಾಗೆ ಚಪ್ಪಾಳೆ ಹೊಡೆದರು. ಆ ಮಕ್ಕಳು ಸುರಿಯೋ ಮೂಗಿಗೆ ದಿನಾ ಬೈಸಿಕೊಳ್ಳುತ್ತಿದ್ದವು, ಅವಮಾನ ಪಡುತ್ತಿದ್ದವು. ಒಬ್ಬರೂ ಅದುವರೆಗೆ ಹೇಗೆ ಅಂತ ಹೇಳಿಕೊಟ್ಟಿರಲಿಲ್ಲ. ಐದು ನಿಮಿಷದ ಪಾಠ, ಸಿಲಬಸ್‌ನಲ್ಲಿ ಇಲ್ಲದ್ದು, ಆದರೆ ಕೂತವರಿಗೆ ಆ ಹೊತ್ತಿಗೆ ಅತ್ಯಂತ ಬೇಕಾಗಿದ್ದದ್ದು.

ಸಾಮಾನಿನಲ್ಲೇ ಟೀಚರ್

ಇಲ್ಲಿ ಅವರ ಟೆಕ್ನಿಕಲ್ ಸ್ಕೂಲಿನ ಬುದ್ಧಿ ಹೊರಗೆ ಬರುತ್ತೆ. ಆ ಸಿಲಿಂಡರ್ ದಿಮ್ಮಿಯನ್ನೇ ನೋಡಿ. 10 ಸಿಲಿಂಡರ್, 10 ತೂತು. ಒಂದನ್ನ ದೊಡ್ಡ ತೂತಿಗೆ ಹಾಕಿದರೆ ಕೊನೆಗೆ ಒಂದು ಸಿಲಿಂಡರ್ ಎಲ್ಲೂ ಕೂರದೆ ಉಳಿಯುತ್ತೆ. ತಪ್ಪಾಗಿದೆ ಅಂತ ಟೀಚರ್ ಹೇಳೋ ಅಗತ್ಯ ಇಲ್ಲ, ದಿಮ್ಮಿಯೇ ಹೇಳುತ್ತೆ. ನಮ್ಮ ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರ್ತಾರಲ್ಲ, ಉಲ್ಟಾ ಹಾಕೋಕೆ ಹೋದರೆ ಕೂರಲ್ಲ, ಅದೇ ಐಡಿಯಾ. ಮಗು ಬೈಸಿಕೊಳ್ಳದೆ ತಪ್ಪು ಕಂಡುಹಿಡಿದು ತಾನೇ ಸರಿ ಮಾಡಿಕೊಳ್ಳುತ್ತೆ.

ಎರಡನೇದು, ಒಂದು ಸಲಕ್ಕೆ ಒಂದೇ ವೇರಿಯಬಲ್. ಗುಲಾಬಿ ಗೋಪುರ ಅಂತ ಒಂದು ಸಾಮಾನು ಇದೆ. 1 ಸೆಂಟಿಮೀಟರ್‌ನಿಂದ 10 ಸೆಂಟಿಮೀಟರ್‌ವರೆಗಿನ 10 ಘನಗಳು. ಎಲ್ಲದರ ಬಣ್ಣ ಒಂದೇ, ಆಕಾರ ಒಂದೇ, ಸೈಜ್ ಮಾತ್ರ ಬೇರೆ. ಮಗುವಿನ ಗಮನ ಬೇರೆಲ್ಲೂ ಹೋಗೋಕೆ ದಾರಿಯೇ ಇಲ್ಲ. ಲ್ಯಾಬಿನಲ್ಲಿ ಉಷ್ಣತೆ ಸ್ಥಿರ ಇಟ್ಟು ವೋಲ್ಟೇಜ್ ಮಾತ್ರ ಬದಲಾಯಿಸಿ ರೀಡಿಂಗ್ ತಗೊಳ್ತೀವಲ್ಲ, ಹಾಗೆ.

ಮೂರನೇದು, ಕೈಗೆ ಸಿಗದೇ ಇರೋದನ್ನ ಕೈಗೆ ಸಿಗೋ ಹಾಗೆ ಮಾಡೋದು. ಮಣಿಗಳ ಸೆಟ್‌ನಲ್ಲಿ ಒಂದು ಅಂದ್ರೆ ಒಂದು ಮಣಿ, 10 ಅಂದ್ರೆ ತಂತಿಗೆ ಪೋಣಿಸಿದ ಒಂದು ಕಡ್ಡಿ, 100 ಅಂದ್ರೆ 10 ಕಡ್ಡಿ ಜೋಡಿಸಿದ ಚೌಕ, 1000 ಅಂದ್ರೆ 10 ಚೌಕ ಪೇರಿಸಿದ ಘನ. ಸಾವಿರ ಎಷ್ಟು ಭಾರ ಅಂತ ಮಗು ಎತ್ತಿ ನೋಡಬಹುದು. ಎ ಪ್ಲಸ್ ಬಿ ಹೋಲ್ ಕ್ಯೂಬ್ ಸೂತ್ರವನ್ನ ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಹೊಡೆದಿದ್ದೀವಿ. ಮಾಂಟೆಸ್ಸರಿ ಕ್ಲಾಸಿನಲ್ಲಿ ನಾಲ್ಕು ವರ್ಷದ ಮಗು ಅದನ್ನ ಎಂಟು ಬಣ್ಣದ ಮರದ ತುಂಡುಗಳ ಪಜಲ್ ಆಗಿ ಡಬ್ಬಿಯಲ್ಲಿ ಜೋಡಿಸುತ್ತೆ. ಸೂತ್ರದ ಹೆಸರು ಗೊತ್ತಿರಲ್ಲ, ಆದರೆ ಮೂರು ತುಂಡು ಒಂದು ಥರ, ಮತ್ತೆ ಮೂರು ತುಂಡು ಇನ್ನೊಂದು ಥರ ಇದೆ ಅಂತ ಕೈಗೆ ಗೊತ್ತಿರುತ್ತೆ.

ಅಕ್ಷರಗಳ ಕಥೆಯೂ ಹೀಗೇ. ಮರದಲ್ಲಿ ಕೆತ್ತಿಸಿದ ಅಕ್ಷರಗಳು ಸುಲಭಕ್ಕೆ ಸಿಗಲಿಲ್ಲ. ಅದಕ್ಕೆ ಮರಳು ಕಾಗದದಲ್ಲಿ ಅಕ್ಷರ ಕತ್ತರಿಸಿ ನುಣುಪಾದ ಕಾರ್ಡಿಗೆ ಅಂಟಿಸಿದರು. ಬೆರಳು ಅಕ್ಷರದಿಂದ ಜಾರಿದರೆ ನುಣುಪು ತಗಲುತ್ತೆ, ತಪ್ಪು ತಕ್ಷಣ ಗೊತ್ತಾಗುತ್ತೆ. ಬಡತನದ ಈ ಉಪಾಯ ಮೊದಲಿನದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಕೆಲವು ತಿಂಗಳು ಕಳೆದ ಮೇಲೆ ಒಬ್ಬ ಹುಡುಗ ಟೆರೇಸಿನ ಮೇಲೆ ಸೀಮೆಸುಣ್ಣ ಹಿಡಿದು ಹೊಗೆಕೊಳವೆಯ ಚಿತ್ರ ಬರೆಯುತ್ತಿದ್ದವನು, ಇದ್ದಕ್ಕಿದ್ದಂತೆ ಪದ ಬರೆಯೋಕೆ ಶುರು ಮಾಡಿ ನನಗೆ ಬರೆಯೋಕೆ ಬರುತ್ತೆ ಅಂತ ಕೂಗಿದ. ಮಿಕ್ಕ ಮಕ್ಕಳೂ ಸೀಮೆಸುಣ್ಣಕ್ಕೆ ಮುಗಿಬಿದ್ದು ನೆಲದ ತುಂಬ ಬರೆದವು.

ಪಾಠಕ್ಕೂ ಪರೀಕ್ಷೆ ಇದೆ

ಸೆಗ್ಯಾಂ ಅವರಿಂದ ಕಲಿತ ಮೂರು ಹಂತದ ಪಾಠವನ್ನ ಮಾರಿಯಾ ಟೀಚರ್‌ಗಳಿಗೆ ಹೇಳಿಕೊಡುತ್ತಿದ್ದರು. ಮೊದಲ ಹಂತದಲ್ಲಿ ಹೆಸರು ಹೇಳೋದು: ಇದು ಕೆಂಪು, ಇದು ನೀಲಿ. ಎರಡನೇ ಹಂತದಲ್ಲಿ ಗುರುತಿಸೋಕೆ ಹೇಳೋದು: ಕೆಂಪು ಯಾವುದು, ಕೊಡು. ಮೂರನೇ ಹಂತದಲ್ಲಿ ನೆನಪಿನಿಂದ ಹೇಳಿಸೋದು: ಇದು ಯಾವ ಬಣ್ಣ? ಪಾಠ ಚಿಕ್ಕದಾಗಿರಬೇಕು, ಬೇಡದ ಒಂದು ಮಾತೂ ಇರಬಾರದು.

ಇಲ್ಲಿಯವರೆಗೆ ಸಾಮಾನ್ಯ ವಿಷಯ. ಎರಡನೇ ಹಂತದಲ್ಲಿ ಮಗು ಕೆಂಪಿನ ಬದಲು ನೀಲಿ ಕೊಟ್ಟರೆ ಏನು ಮಾಡಬೇಕು? ನಮ್ಮ ಅಭ್ಯಾಸ ಏನು ಅಂದ್ರೆ ತಪ್ಪು, ಇನ್ನೊಮ್ಮೆ ನೋಡು, ಈಗಷ್ಟೇ ಹೇಳಿದೆನಲ್ಲ ಅಂತ ಒತ್ತೋದು. ಮಾರಿಯಾ ಇದಕ್ಕೆ ಖಡಕ್ಕಾಗಿ ಬೇಡ ಅಂದರು. ಒತ್ತಾಯ ಮಾಡಬಾರದು, ತಪ್ಪು ಮಾಡಿದೆ ಅಂತ ಮಗುವಿಗೆ ಅನ್ನಿಸಲೂಬಾರದು. ನಗುತ್ತಾ ಸಾಮಾನು ಎತ್ತಿಟ್ಟು, ಇನ್ನೊಂದು ದಿನ ಮತ್ತೆ ಮೊದಲಿಂದ ಶುರು ಮಾಡಬೇಕು. ಯಾಕಂದ್ರೆ ಆ ತಪ್ಪು ಉತ್ತರ ಟೀಚರ್‌ಗೆ ಒಂದು ರೀಡಿಂಗ್. ಈ ಪಾಠ ಈ ಮಗುವಿಗೆ ಈ ಹೊತ್ತಿಗೆ ಸರಿಹೊಂದಲಿಲ್ಲ ಅಂತ ಅದು ಹೇಳ್ತಿದೆ. ಮೀಟರ್ ಸೊನ್ನೆ ತೋರಿಸಿದರೆ ನಾವು ಮೀಟರ್‌ಗೆ ಬೈಯಲ್ಲ, ಸರ್ಕ್ಯೂಟ್ ಚೆಕ್ ಮಾಡ್ತೀವಿ.

ರೀಡಿಂಗ್ ಅಂದಾಗ ಅವರು ನಿಜವಾಗಲೂ ಗ್ರಾಫ್ ಹಾಕಿದ್ದರು. ಬೆಳಗ್ಗೆಯಿಂದ ಮಗು ಎಷ್ಟು ಹೊತ್ತು ಸುಮ್ಮನಿತ್ತು, ಯಾವಾಗ ಸುಲಭದ ಕೆಲಸ ಹಿಡಿಯಿತು, ಯಾವಾಗ ಕಷ್ಟದ ಕೆಲಸದಲ್ಲಿ ಮುಳುಗಿತು ಅಂತ ಸಮಯದ ಎದುರು ಗೆರೆ ಎಳೆದರು. ಸುಮಾರು 10 ಗಂಟೆ ಹೊತ್ತಿಗೆ ಕ್ಲಾಸಿನಲ್ಲಿ ಗಲಾಟೆ ಏಳುತ್ತಿತ್ತು. ಮಕ್ಕಳಿಗೆ ಸುಸ್ತಾಗಿದೆ ಅಂತ ಟೀಚರ್‌ಗಳು ಕೆಲಸ ನಿಲ್ಲಿಸಿ ಹೊರಗೆ ಕರ್ಕೊಂಡು ಹೋಗುತ್ತಿದ್ದರು. ಮಾರಿಯಾ ಹಾಗೇ ಬಿಟ್ಟು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಮಕ್ಕಳು ತಾವಾಗೇ ದಿನದ ಅತಿ ಕಷ್ಟದ ಕೆಲಸ ಆರಿಸಿಕೊಂಡು ಕೂತರು. ಅದು ಸುಳ್ಳು ಸುಸ್ತು, ದೊಡ್ಡ ಕೆಲಸಕ್ಕೆ ಮುಂಚಿನ ಚಡಪಡಿಕೆ ಅಂತ ಅವರು ತೀರ್ಮಾನಿಸಿದರು. ಈಗಲೂ ಒಳ್ಳೆಯ ಮಾಂಟೆಸ್ಸರಿ ಸ್ಕೂಲುಗಳಲ್ಲಿ ಬೆಳಗ್ಗೆ ಮೂರು ಗಂಟೆ ಬೆಲ್ ಹೊಡೆಯದೆ ಬಿಡೋದಕ್ಕೆ ಕಾರಣ ಇದೇ. ಒಂದು ಗಂಟೆಗೊಂದು ಬೆಲ್ ಹೊಡೆಯೋ ನಮ್ಮ ಟೈಮ್ ಟೇಬಲ್ ಅನ್ನ ಯಾರು ಯಾವ ಗ್ರಾಫ್ ನೋಡಿ ಮಾಡಿದರೋ ದೇವರಿಗೇ ಗೊತ್ತು.

ಹೆಸರು, ಜಗಳ, ಯುದ್ಧ

1909ರಲ್ಲಿ ಅವರ ಮೊದಲ ಟೀಚರ್ ತರಬೇತಿ ಕೋರ್ಸ್ ನಡೆಯಿತು, ಪುಸ್ತಕವೂ ಬಂತು. 1912ರಲ್ಲಿ ಅದು ಇಂಗ್ಲಿಷ್‌ಗೆ ಹೋಯಿತು. 1913ರಲ್ಲಿ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಭಾಷಣ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಮತ್ತು ಅವರ ಪತ್ನಿ ಇವರ ದೊಡ್ಡ ಬೆಂಬಲಿಗರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ಕ್ಲಾಸ್‌ರೂಮ್ ಕಟ್ಟಿ, ಒಳಗೆ ಮಕ್ಕಳು ಕೆಲಸ ಮಾಡೋದನ್ನ ಜನ ಹೊರಗೆ ನಿಂತು ನೋಡಿದರು.

ಟೀಕೆಯೂ ಬಂತು. 1914ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯ ಕಿಲ್‌ಪ್ಯಾಟ್ರಿಕ್ ಅನ್ನೋ ಪ್ರೊಫೆಸರ್ ಒಂದು ಚಿಕ್ಕ ಪುಸ್ತಕ ಬರೆದು, ಇವರ ಸಿದ್ಧಾಂತ ಹಳೇ ಕಾಲದ್ದು, ಸಾಮಾನುಗಳಲ್ಲಿ ಮಕ್ಕಳ ಕಲ್ಪನೆಗೆ ಜಾಗ ಕಡಿಮೆ ಅಂದರು. ಅಮೆರಿಕದಲ್ಲಿ ಎದ್ದ ಅಲೆ ಬೇಗ ಇಳಿಯಿತು. ಕಲ್ಪನೆಯ ವಿಷಯದಲ್ಲಿ ಕಿಲ್‌ಪ್ಯಾಟ್ರಿಕ್ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ಇನ್ನೊಂದು ವಿಚಿತ್ರ ಏನಂದ್ರೆ, ಮಗುವನ್ನ ನೋಡಿ ಪಾಠ ಬದಲಾಯಿಸಿ ಅಂತ ಹೇಳಿದ ಮಾರಿಯಾ, ತಮ್ಮ ಸಾಮಾನನ್ನ ಮಾತ್ರ ಬೇರೆ ಯಾರೂ ಬದಲಾಯಿಸಬಾರದು, ತರಬೇತಿಯೂ ತಮ್ಮ ಕೈಯಲ್ಲೇ ಇರಬೇಕು ಅಂತ ಬಿಗಿ ಹಿಡಿದರು. ತಾವು ಇಷ್ಟು ವರ್ಷ ನೋಡಿ ತಿದ್ದಿದ್ದನ್ನ ಅರ್ಧಂಬರ್ಧ ಮಾಡಿ ಕೆಡಿಸ್ತಾರೆ ಅನ್ನೋ ಭಯ ಇರಬಹುದು. ಆದರೂ ಅವರ ವಿಧಾನಕ್ಕೂ ಈ ಹಟಕ್ಕೂ ತಾಳ ಬೀಳಲ್ಲ.

ಅವರ ಜೀವನದಲ್ಲಿ ಇದಕ್ಕಿಂತ ನೋವಿನ ವಿಷಯ ಒಂದಿದೆ. 1898ರಲ್ಲಿ ಅವರಿಗೆ ಮಾರಿಯೊ ಅನ್ನೋ ಮಗ ಹುಟ್ಟಿದ. ತಂದೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಮೊಂಟೆಸಾನೊ. ಮದುವೆ ಆಗಿರಲಿಲ್ಲ. ವಿಷಯ ಹೊರಗೆ ಬಂದಿದ್ದರೆ ಆ ಕಾಲದಲ್ಲಿ ಅವರ ವೃತ್ತಿ ಅಲ್ಲಿಗೇ ಮುಗೀತಿತ್ತು. ಮಗುವನ್ನ ಹಳ್ಳಿಯ ಒಂದು ಮನೆಯಲ್ಲಿ ಬೆಳೆಯೋಕೆ ಬಿಟ್ಟರು. ಊರಿನ ಮಕ್ಕಳನ್ನೆಲ್ಲ ಗಮನಿಸಿ ಬರೆದವರು ತಮ್ಮ ಮಗ ಬೆಳೆಯೋದನ್ನ ದೂರದಿಂದ ನೋಡಬೇಕಾಯಿತು. ಹದಿಹರೆಯಕ್ಕೆ ಬಂದಾಗ ಮಾರಿಯೊ ತಾಯಿ ಹತ್ತಿರ ಬಂದ. ಆಮೇಲೆ ಕೊನೆವರೆಗೂ ಜೊತೆಗೇ ಇದ್ದ, ಆದರೆ ಲೋಕದ ಕಣ್ಣಿಗೆ ಬಹಳ ವರ್ಷ ಸಂಬಂಧಿಕನಾಗಿ ಮಾತ್ರ.

1924ರಲ್ಲಿ ಮುಸೊಲಿನಿ ಅವರ ಸ್ಕೂಲುಗಳಿಗೆ ಬೆಂಬಲ ಕೊಟ್ಟಾಗ ಮಾರಿಯಾ ಒಪ್ಪಿಕೊಂಡರು. ಇದನ್ನ ಮುಚ್ಚಿಡೋ ಅಗತ್ಯ ಇಲ್ಲ. ಸುಮಾರು ಹತ್ತು ವರ್ಷ ಆ ಸಂಬಂಧ ನಡೆಯಿತು. ಆದರೆ ಸರ್ವಾಧಿಕಾರಿಗೆ ಬೇಕಾಗಿದ್ದದ್ದು ಸಾಲಾಗಿ ನಿಂತು ಸಲ್ಯೂಟ್ ಹೊಡೆಯೋ ಮಕ್ಕಳು. ತಾನೇ ಆರಿಸಿ, ತಾನೇ ತಪ್ಪು ಕಂಡುಹಿಡಿಯೋ ಮಗು ಆ ಸಾಲಿಗೆ ಹೊಂದಲ್ಲ. 1934ರಲ್ಲಿ ಸಂಬಂಧ ಮುರಿಯಿತು, ಇಟಲಿಯಲ್ಲಿ ಅವರ ಸ್ಕೂಲುಗಳು ಮುಚ್ಚಿದವು. ಜರ್ಮನಿಯಲ್ಲಿ ನಾಜಿಗಳೂ ಮುಚ್ಚಿಸಿದರು. ಬಾರ್ಸಿಲೋನಾದಲ್ಲಿ ಕೆಲಸ ಮಾಡುತ್ತಿದ್ದವರು 1936ರಲ್ಲಿ ಸ್ಪೇನ್‌ನ ಅಂತರ್ಯುದ್ಧದಿಂದ ಅಲ್ಲಿಂದಲೂ ಹೊರಟು ನೆದರ್‌ಲ್ಯಾಂಡ್ಸ್ ಸೇರಿದರು.

ಅಡ್ಯಾರ್ ಮತ್ತು ಕೊಡೈಕೆನಾಲ್

ಇಂಡಿಯಾದಲ್ಲಿ ಅವರ ಹೆಸರು ಅಷ್ಟೊತ್ತಿಗೆ ಹೊಸದಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ವಕೀಲಿಕೆ ಬಿಟ್ಟು 1920ರಲ್ಲೇ ಬಾಲಮಂದಿರ ಶುರು ಮಾಡಿದ್ದರು. ಗಾಂಧೀಜಿ 1931ರಲ್ಲಿ ಲಂಡನ್‌ಗೆ ಹೋಗಿದ್ದಾಗ ಮಾಂಟೆಸ್ಸರಿ ತರಬೇತಿ ಕಾಲೇಜಿಗೆ ಭೇಟಿ ಕೊಟ್ಟಿದ್ದರು.

1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ, 69ನೇ ವಯಸ್ಸಿನಲ್ಲಿ, ಮಾರಿಯಾ ಮಗನ ಜೊತೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಕೆಲವು ತಿಂಗಳು ಅಂತ ಬಂದವರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು, ಬ್ರಿಟಿಷರ ಲೆಕ್ಕದಲ್ಲಿ ಇವರು ಶತ್ರು ದೇಶದವರಾದರು. ಮಾರಿಯೊನ ಹಿಡಿದು ಕ್ಯಾಂಪಿಗೆ ಹಾಕಿದರು, ತಾಯಿಯ ಓಡಾಟವನ್ನ ಅಡ್ಯಾರ್ ಆವರಣಕ್ಕೆ ಸೀಮಿತ ಮಾಡಿದರು. ಆಗಸ್ಟ್ 31ಕ್ಕೆ ಅವರಿಗೆ 70 ತುಂಬಿತು. ಹುಟ್ಟುಹಬ್ಬದ ಉಡುಗೊರೆಯಾಗಿ ನಿಮ್ಮ ಮಗನನ್ನ ಬಿಡುತ್ತಿದ್ದೇವೆ ಅಂತ ವೈಸ್‌ರಾಯ್ ಕಡೆಯಿಂದ ತಂತಿ ಬಂತು. ಲೋಕದ ಮುಂದೆ ಸಂಬಂಧಿಕ ಅನ್ನಿಸಿಕೊಂಡಿದ್ದ ಮಾರಿಯೊ, ಸರ್ಕಾರದ ಆ ತಂತಿಯಲ್ಲಿ ಮಗ ಆದ.

ಯುದ್ಧದ ವರ್ಷಗಳನ್ನ ಅವರು ಸುಮ್ಮನೆ ಕಳೆಯಲಿಲ್ಲ. ಮಾರಿಯಾ ಇಟಾಲಿಯನ್‌ನಲ್ಲಿ ಪಾಠ ಹೇಳೋದು, ಮಾರಿಯೊ ಇಂಗ್ಲಿಷ್‌ಗೆ ತರ್ಜುಮೆ ಮಾಡೋದು. ಇಂಡಿಯಾದಲ್ಲಿ ಇದ್ದಾಗ ಸಾವಿರಕ್ಕೂ ಹೆಚ್ಚು ಟೀಚರ್‌ಗಳು ಅವರಿಂದ ತರಬೇತಿ ಪಡೆದರು. ಕೆಲವು ವರ್ಷ ಕೊಡೈಕೆನಾಲ್‌ನಲ್ಲಿದ್ದರು. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಬೆಟ್ಟ ಸುತ್ತಿ ಗಿಡ, ಕಲ್ಲು, ಹುಳ ನೋಡುತ್ತಾ ಕಲಿಯೋದನ್ನ ಗಮನಿಸಿ, 6ರಿಂದ 12 ವರ್ಷದ ಮಕ್ಕಳ ಪಾಠಗಳನ್ನ ರೂಪಿಸಿದರು. ಬಿಡಿ ಬಿಡಿ ವಿಷಯ ಕಲಿಸೋ ಬದಲು ಇಡೀ ವಿಶ್ವದ ಕಥೆಯಿಂದ ಶುರು ಮಾಡಿ, ಅದರೊಳಗೆ ಭೂಗೋಳ, ಇತಿಹಾಸ, ಗಣಿತ ಬರೋ ಹಾಗೆ ಮಾಡಿದ ಪಾಠಗಳವು. 70 ದಾಟಿದ ಮೇಲೂ, ಬೇರೆ ದೇಶದಲ್ಲಿ, ನಿರ್ಬಂಧದ ಮಧ್ಯೆ, ಹೊಸ ಮಕ್ಕಳನ್ನ ನೋಡಿ ಹೊಸ ಪಾಠ ಮಾಡಿದರು.

1946ರಲ್ಲಿ ಯುರೋಪಿಗೆ ವಾಪಸ್ ಹೋದರು. ನೊಬೆಲ್ ಶಾಂತಿ ಪ್ರಶಸ್ತಿಗೆ ಮೂರು ವರ್ಷ ಅವರ ಹೆಸರು ಹೋಗಿತ್ತು, ಸಿಗಲಿಲ್ಲ. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನ ನೊರ್ಡ್‌ವೈಕ್ ಅನ್ನೋ ಕಡಲ ಊರಿನಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಇಟಲಿ ತನ್ನ 1000 ಲೀರಾ ನೋಟಿನ ಮೇಲೆ ಅವರ ಮುಖ ಅಚ್ಚು ಹಾಕಿತು.

ನಮಗೇನು?

ಮಾಂಟೆಸ್ಸರಿ ಅನ್ನೋ ಹೆಸರನ್ನ ಈಗ ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು. ಗುಲಾಬಿ ಗೋಪುರ ಆನ್‌ಲೈನ್‌ನಲ್ಲೂ ಸಿಗುತ್ತೆ. ಆದರೆ ಗೋಪುರ ತಂದು ಇಟ್ಟು, ತಪ್ಪಾಗಿ ಜೋಡಿಸಿದ ಮಗುವಿಗೆ ಬೈದರೆ ಅಲ್ಲಿ ಮಾಂಟೆಸ್ಸರಿ ಏನೂ ಉಳಿಯಲ್ಲ.

ನಮ್ಮ ಕಾಲೇಜುಗಳಲ್ಲೂ ಪಾಠದ ಯೋಜನೆ, ಮೌಲ್ಯಮಾಪನ ಎಲ್ಲ ಇದೆ. ಲೆಸನ್ ಪ್ಲಾನ್, ಕೋರ್ಸ್ ಔಟ್‌ಕಮ್, ಅಟೈನ್‌ಮೆಂಟ್ ಶೀಟ್, ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರ್ಮ್. ಆ ಫಾರ್ಮಿನಲ್ಲಿ ನಾವು ಒಂದೇ ನಿಮಿಷದಲ್ಲಿ ಮೇಲಿಂದ ಕೆಳಗೆ 5, 5, 5 ಅಂತ ಹೊಡೆದು ಬರ್ತೀವಿ. ಕೋರ್ಸ್ ಮುಗಿದ ಮೇಲೆ ಬರೋ ಆ ರೀಡಿಂಗ್‌ನಿಂದ ನಮ್ಮ ಬ್ಯಾಚಿಗೆ ಏನೂ ಸಿಗಲ್ಲ, ಸುಳ್ಳು ರೀಡಿಂಗ್ ಆಗಿದ್ದರಿಂದ ಜೂನಿಯರ್‌ಗಳಿಗೂ ಸಿಗಲ್ಲ. ಮಾರಿಯಾ ಕೇಳಿದ್ದು ಅದೇ ಕ್ಲಾಸಿನಲ್ಲಿ, ಅದೇ ಹೊತ್ತಿಗೆ ಬರೋ ನಿಜವಾದ ರೀಡಿಂಗ್. ಕನಿಷ್ಠ ಪಕ್ಷ ಎಲ್ಲಿಂದ ಅರ್ಥ ಆಗಲಿಲ್ಲ ಅಂತ ಆ ಫಾರ್ಮಿನಲ್ಲಿ ಒಂದು ಸಾಲು ನಿಜ ಬರೆಯೋದು ನಮ್ಮ ಕೈಯಲ್ಲೇ ಇದೆ.

ಇನ್ನೊಂದು ನಮ್ಮ ಕೈಯಲ್ಲಿರೋದು. ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್ ರೂಮುಗಳಲ್ಲಿ ನಾವೆಲ್ಲ ಟೀಚರ್‌ಗಳೇ. ಒಬ್ಬ ಫೋರಿಯರ್ ಸೀರೀಸ್ ಹೇಳಿಕೊಡ್ತಾನೆ, ನಾಲ್ಕು ಜನ ಕೇಳ್ತಾರೆ. ಮುಂದಿನ ಸಲ ಹಾಗೆ ಹೇಳಿಕೊಡುವಾಗ ಮೂರು ಹಂತ ಟ್ರೈ ಮಾಡಿ ನೋಡಿ. ಮೊದಲು ತೋರಿಸಿ. ಆಮೇಲೆ ನಾಲ್ಕು ಸಮಸ್ಯೆ ಇಟ್ಟು ಈ ವಿಧಾನ ಯಾವುದಕ್ಕೆ ಬರುತ್ತೆ ಅಂತ ಆರಿಸೋಕೆ ಹೇಳಿ. ಅದು ಸರಿ ಬಂದ ಮೇಲೆ ಮಾತ್ರ ಪುಸ್ತಕ ಮುಚ್ಚಿ ಬಿಡಿಸೋಕೆ ಹೇಳಿ. ಎರಡನೇ ಹಂತದಲ್ಲೇ ಫ್ರೆಂಡ್ ತಡವರಿಸಿದರೆ ಇಷ್ಟೂ ಗೊತ್ತಾಗಲ್ವಾ ಮಗಾ ಅನ್ನಬೇಡಿ. ನೀವು ಹೇಳಿದ ರೀತಿಯಲ್ಲಿ ಎಲ್ಲಿ ಕನೆಕ್ಷನ್ ಬಿಟ್ಟಿದೆ ಅಂತ ನೋಡಿ, ಒಂದು ಟೀ ಕುಡಿದು, ಮೊದಲನೇ ಹಂತದಿಂದ ಮತ್ತೆ ಶುರು ಮಾಡಿ.